ಕೂತಲ್ಲಿಂದಲೇ ಎಲ್ಲರ ಡೆಸ್ಕ್‌ಟಾಪ್‌ಗೂ ಶಾರ್ಟ್‌ಕಟ್

ಹೆಡ್ ಆಫೀಸು ಬಸವನಗುಡಿಯಲ್ಲಿ, ಫ್ಯಾಕ್ಟರಿ ಪೀಣ್ಯದಲ್ಲಿ, ಗೋಡೌನು ನೆಲಮಂಗಲದ ಕಡೆ. ಬೆಂಗಳೂರಿನ ಇಂಥ ಕಂಪನಿಗೆ ಹೊಸ ಹಾಜರಾತಿ ಪೋರ್ಟಲ್ ಬಂತೆಂದರೆ, ಒಂದೊಂದು ಕಂಪ್ಯೂಟರಿನ ಮುಂದೂ ಕೂತು ಶಾರ್ಟ್‌ಕಟ್ ಹಾಕುವ ಕೆಲಸ ಸಿಸ್ಟಂ ನೋಡಿಕೊಳ್ಳುವವರ ತಲೆಗೆ ಬೀಳುತ್ತದೆ. ಕಂಪ್ಯೂಟರ್‌ಗಳು ಡೊಮೇನ್‌ಗೆ, ಅಂದರೆ ಒಂದೇ ಸರ್ವರ್‌ನಿಂದ ನಿಭಾಯಿಸುವ ಕಂಪನಿಯ ಜಾಲಕ್ಕೆ, ಸೇರಿದ್ದರೆ ಈ ಅಲೆದಾಟ ಬೇಡವೇ ಬೇಡ. ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ, ವಿಂಡೋಸ್ ಸರ್ವರ್ 2008ರ ಜೊತೆ ಬಂದ ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್ ಸಾಕು.

ಮೊದಲು ಗ್ರೂಪ್ ಪಾಲಿಸಿ ಮ್ಯಾನೇಜ್‌ಮೆಂಟ್ ತೆರೆದು ಹೊಸ ಪಾಲಿಸಿಯೊಂದನ್ನು ಮಾಡಿ, ಸಿಬ್ಬಂದಿಯ ಯೂಸರ್ ಅಕೌಂಟ್‌ಗಳಿರುವ ಓಯುಗೆ (ಆರ್ಗನೈಸೇಶನಲ್ ಯೂನಿಟ್, ಡೊಮೇನ್‌ನಲ್ಲಿ ಅಕೌಂಟ್‌ಗಳನ್ನು ಜೋಡಿಸಿಡುವ ವಿಭಾಗ) ಲಿಂಕ್ ಮಾಡಿ. ಮೊದಲೇ ಇರುವ ಡೀಫಾಲ್ಟ್ ಡೊಮೇನ್ ಪಾಲಿಸಿಯ ತಂಟೆಗೆ ಹೋಗಬೇಡಿ. ಎಡಿಟ್ ಒತ್ತಿ ಯೂಸರ್ ಕಾನ್ಫಿಗರೇಶನ್, ಪ್ರಿಫರೆನ್ಸಸ್, ವಿಂಡೋಸ್ ಸೆಟ್ಟಿಂಗ್ಸ್, ಶಾರ್ಟ್‌ಕಟ್ಸ್ ಎಂದು ಒಳಗೆ ಹೋಗಿ, ರೈಟ್ ಕ್ಲಿಕ್ ಮಾಡಿ ಹೊಸ ಶಾರ್ಟ್‌ಕಟ್ ಸೇರಿಸಿ.

ಈಗ ಬರುವ ಪುಟದಲ್ಲಿ ಮೊದಲ ಸಾಲಿನ ‘ಆ್ಯಕ್ಷನ್’ ಬಗ್ಗೆ ನಿಗಾ ಇರಲಿ. ಕ್ರಿಯೇಟ್, ರಿಪ್ಲೇಸ್, ಅಪ್‌ಡೇಟ್, ಡಿಲೀಟ್ ಎಂಬ ನಾಲ್ಕು ಆಯ್ಕೆಗಳಿವೆ. ಬಹಳ ಜನ ರಿಪ್ಲೇಸ್ ಆರಿಸುತ್ತಾರೆ. ಅದು ಪಾಲಿಸಿ ಹೊಸದಾದಾಗಲೆಲ್ಲ ಶಾರ್ಟ್‌ಕಟ್ ಅಳಿಸಿ ಮತ್ತೆ ಬರೆಯುತ್ತದೆ. ಅಕೌಂಟ್ಸ್‌ನವರು ತಮಗೆ ಬೇಕಾದ ಮೂಲೆಯಲ್ಲಿ ಜೋಡಿಸಿಟ್ಟ ಐಕಾನ್ ಜಾಗ ಬದಲಿಸಿಬಿಡಬಹುದು. ಕ್ರಿಯೇಟ್ ಆರಿಸಿದರೆ ನಾಳೆ ಪೋರ್ಟಲ್ ವಿಳಾಸ ಬದಲಾದರೂ ಹಳೆಯದೇ ಉಳಿಯುತ್ತದೆ. ಅಪ್‌ಡೇಟ್ ಆರಿಸಿದರೆ, ಶಾರ್ಟ್‌ಕಟ್ ಇಲ್ಲದ ಕಡೆ ಹೊಸದಾಗಿ ಮಾಡುತ್ತದೆ, ಇದ್ದ ಕಡೆ ತಿದ್ದುತ್ತದೆ. ನನ್ನ ಮಟ್ಟಿಗೆ ಅದೇ ಸರಿ.

ಹೆಸರನ್ನು ಕನ್ನಡದಲ್ಲೇ ಕೊಡಿ. ‘ಹಾಜರಾತಿ’, ‘ರಜೆ ಅರ್ಜಿ’ ಎಂದಿದ್ದರೆ ಗೋಡೌನಿನವರೂ ಯಾರನ್ನೂ ಕೇಳದೆ ಕ್ಲಿಕ್ ಮಾಡುತ್ತಾರೆ. ಟೈಪ್ ಮಾಡುವುದು ಮಾತ್ರ ಯೂನಿಕೋಡ್‌ನಲ್ಲೇ ಆಗಬೇಕು. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಅಕ್ಷರದಲ್ಲಿ ಹೊಡೆದರೆ ಡೆಸ್ಕ್‌ಟಾಪ್‌ನಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

ಪೋರ್ಟಲ್ ಆದರೆ ಟಾರ್ಗೆಟ್ ಟೈಪ್ ಯುಆರ್‌ಎಲ್. ಫೋಲ್ಡರ್ ಅಥವಾ ಸಾಫ್ಟ್‌ವೇರ್ ಆದರೆ ಫೈಲ್ ಸಿಸ್ಟಂ ಆಬ್ಜೆಕ್ಟ್. ಲೊಕೇಶನ್ ಡೆಸ್ಕ್‌ಟಾಪ್.

‘ಕಾಮನ್’ ಟ್ಯಾಬ್‌ನಲ್ಲಿ ಎರಡು ಕೆಲಸ. ಟಾರ್ಗೆಟ್ ನೆಟ್‌ವರ್ಕ್ ಡ್ರೈವ್‌ನಲ್ಲಿದ್ದರೆ, ಲಾಗಿನ್ ಆದ ಬಳಕೆದಾರರ ಹಕ್ಕಿನಲ್ಲೇ ಓಡಿಸುವ ಆಯ್ಕೆಗೆ ಟಿಕ್ ಹಾಕಿ. ಇನ್ನೊಂದು, ಶಾರ್ಟ್‌ಕಟ್ ಯಾರಿಗೆ ಹೋಗಬೇಕೆಂದು ಆರಿಸುವ ಐಟಂ ಲೆವೆಲ್ ಟಾರ್ಗೆಟಿಂಗ್. ಇಲ್ಲಿ ಸೆಕ್ಯುರಿಟಿ ಗ್ರೂಪ್ (ಡೊಮೇನ್‌ನಲ್ಲಿ ಮಾಡಿಟ್ಟ ಬಳಕೆದಾರರ ಗುಂಪು) ಹೆಸರು ಕೊಟ್ಟರೆ ಸಂಬಳದ ಫೋಲ್ಡರಿನ ಶಾರ್ಟ್‌ಕಟ್ ಅಕೌಂಟ್ಸ್‌ನವರಿಗಷ್ಟೇ ಹೋಗುತ್ತದೆ. ಆದರೆ ಇದು ಬೀಗವಲ್ಲ. ಫೋಲ್ಡರಿನ ಪರ್ಮಿಶನ್ ಬೇರೆಯಾಗಿಯೇ ಬಿಗಿ ಮಾಡಬೇಕು. ಗ್ರೂಪಿಗೆ ಹೊಸಬರನ್ನು ಸೇರಿಸಿದಾಗ ಅವರು ಒಮ್ಮೆ ಲಾಗಾಫ್ ಆಗಿ ಬರಲಿ.

ಎಲ್ಲರಿಗೂ ಬಿಡುವ ಮುಂಚೆ ಒಂದು ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಜಿಪಿಅಪ್‌ಡೇಟ್ /ಫೋರ್ಸ್’ (gpupdate /force) ಕೊಟ್ಟು ನೋಡಿ. ಇಲ್ಲವಾದರೆ ಪಾಲಿಸಿ ತಾನಾಗಿ ಹೊಸದಾಗುವುದು 90 ನಿಮಿಷಕ್ಕೊಮ್ಮೆ, ಅದರ ಮೇಲೆ 30 ನಿಮಿಷದವರೆಗೆ ತಡವಾಗಬಹುದು. ಶಾರ್ಟ್‌ಕಟ್ ಬಾರದಿದ್ದರೆ ‘ಜಿಪಿರಿಸಲ್ಟ್ /ಆರ್’ (gpresult /r) ಕೊಡಿ, ಯಾವ ಪಾಲಿಸಿ ತಲುಪಿದೆ ಎಂದು ತೋರಿಸುತ್ತದೆ. ಪಾಲಿಸಿ ಯಾರಿಗೆ ಅನ್ವಯ ಎಂದು ಹೇಳುವ ಸೆಕ್ಯುರಿಟಿ ಫಿಲ್ಟರಿಂಗ್ ಪಟ್ಟಿಯಿಂದ ‘ಅಥೆಂಟಿಕೇಟೆಡ್ ಯೂಸರ್ಸ್’ ತೆಗೆದಿದ್ದರೆ ತೊಡಕು ಸಾಮಾನ್ಯವಾಗಿ ಅಲ್ಲೇ ಇರುತ್ತದೆ: 2016ರ ಜೂನ್‌ನ ಭದ್ರತಾ ಅಪ್‌ಡೇಟ್ ನಂತರ ಯೂಸರ್ ಪಾಲಿಸಿಯನ್ನು ಓದುವುದು ಕಂಪ್ಯೂಟರಿನ ಅಕೌಂಟು. ಡೆಲಿಗೇಶನ್ ಟ್ಯಾಬ್‌ನಲ್ಲಿ ‘ಡೊಮೇನ್ ಕಂಪ್ಯೂಟರ್ಸ್’ಗೆ ರೀಡ್ ಹಕ್ಕು ಕೊಡಿ.

ಪೋರ್ಟಲ್ ನಿಂತುಹೋದ ದಿನ ಪಾಲಿಸಿಯನ್ನು ಸುಮ್ಮನೆ ತೆಗೆದರೆ ಶಾರ್ಟ್‌ಕಟ್ ಅಲ್ಲೇ ಉಳಿಯುತ್ತದೆ. ಆ್ಯಕ್ಷನ್ ಅನ್ನು ಡಿಲೀಟ್‌ಗೆ ಬದಲಿಸಿ, ಹೆಸರು ಒಂದಕ್ಷರವೂ ಆಚೀಚೆ ಆಗದಂತೆ ಇಟ್ಟು, ಎಲ್ಲ ಕಂಪ್ಯೂಟರ್‌ಗಳಿಂದ ಅದು ಹೋದ ಮೇಲೆಯೇ ಪಾಲಿಸಿ ತೆಗೆಯಿರಿ.