ಹಳೆಯ ಬೆಂಜ್‌ಗೆ ಮೋಟಾರ್ ಕೂರಿಸಿದ ಮೇಲೆ ನಿಲ್ಲದ ವ್ಯಾಕ್ಯೂಮ್ ಪಂಪ್

ಮರ್ಸಿಡಿಸ್ ಡಬ್ಲ್ಯೂ123 ಕಾರಿನ ಡೀಸೆಲ್ ಎಂಜಿನ್ ತೆಗೆದು, ಬೆಂಗಳೂರಿನ ಮನೆಯ ಶೆಡ್ಡಿನಲ್ಲೇ ವಿದ್ಯುತ್ ಮೋಟಾರ್ ಕೂರಿಸಿದೆ. ಬ್ರೇಕ್ ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್‌ಗೆ ನಿರ್ವಾತ ಒದಗಿಸುತ್ತಿದ್ದ ಪಂಪ್ ಎಂಜಿನ್ನಿನೊಂದಿಗೇ ಹೋದುದರಿಂದ 12 ವೋಲ್ಟಿನ ವ್ಯಾಕ್ಯೂಮ್ ಪಂಪ್ ಹಾಕಿದೆ. ಅದು ಒಮ್ಮೆ ಶುರುವಾದರೆ ನಿಲ್ಲುತ್ತಲೇ ಇರಲಿಲ್ಲ, ಹತ್ತು ನಿಮಿಷದಲ್ಲಿ ಕೈಯಿಡಲಾಗದಷ್ಟು ಬಿಸಿಯಾಗುತ್ತಿತ್ತು.

ಪಂಪ್, ರಿಲೇ, ಬೂಸ್ಟರಿನ ಹೋಸ್ ಎಲ್ಲವನ್ನೂ ಬದಲಿಸಿದರೂ ಫಲವಾಗಲಿಲ್ಲ.

ಈ ಕಾರಿನ ಸೆಂಟ್ರಲ್ ಲಾಕ್ ಕೂಡ ನಿರ್ವಾತದಿಂದಲೇ ನಡೆಯುತ್ತದೆ ಎಂಬುದನ್ನು ನಾನು ಮರೆತಿದ್ದೆ. ಬೂಸ್ಟರ್ ಹೋಸಿನಿಂದ ಕವಲೊಡೆದು ಬಾಗಿಲುಗಳಿಗೆ ಹೋಗುವ ತೆಳುವಾದ ನಳಿಕೆಯನ್ನು ಕಳಚಿ ಆ ಬಾಯಿಗೆ ರಬ್ಬರ್ ಮುಚ್ಚಳ ಹಾಕಿದೊಡನೆ ನಿರ್ವಾತ ತೋರಿಸುವ ಗೇಜಿನ ಮುಳ್ಳು ಜಾರುವುದು ನಿಂತಿತು. ಹಿಂದಿನ ಎಡ ಬಾಗಿಲಿನೊಳಗೆ ಲಾಕ್ ನಡೆಸುವ ರಬ್ಬರ್ ಪೊರೆ ಹರಿದಿತ್ತು. ಆದರೂ ಪಂಪ್ ನಿಲ್ಲಲಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ವಾತಾವರಣದ ಒತ್ತಡವೇ ಸುಮಾರು 0.9 ಬಾರ್ ಇರುವಾಗ, ಪಂಪನ್ನು ನಿಲ್ಲಿಸುವ ನಿರ್ವಾತ ಸ್ವಿಚ್ಚು ಆಫ್ ಆಗಬೇಕಾದ 0.8 ಬಾರ್ ನಿರ್ವಾತವನ್ನು (ಹೊರಗಿನ ಒತ್ತಡಕ್ಕಿಂತ ಅಷ್ಟು ಕಡಿಮೆ) ಇಂಥ ಸಣ್ಣ ಪಂಪ್ ಮುಟ್ಟುವಂತಿರಲಿಲ್ಲ.

ಸ್ವಿಚ್ಚನ್ನು 0.5 ಬಾರ್‌ಗೆ ಆನ್, 0.65ಕ್ಕೆ ಆಫ್ ಎಂದು ಹೊಂದಿಸಿದೆ. ಜೋಡಣೆಯ ಕ್ರಮ ಪಂಪ್, ಏಕಮುಖ ಕವಾಟ, ನಿರ್ವಾತ ಕಾದಿಡುವ ಟ್ಯಾಂಕ್, ಕೊನೆಗೆ ಬೂಸ್ಟರ್. ಸ್ವಿಚ್ಚು ಟ್ಯಾಂಕಿನ ಮೇಲೆಯೇ ಇರಬೇಕು, ಪಂಪಿನ ಬಾಯಲ್ಲಲ್ಲ. ಪೊರೆ ಬದಲಿಸಿದ ನಂತರವೂ ಲಾಕಿನ ನಳಿಕೆಯನ್ನು ಬ್ರೇಕಿನ ಸಾಲಿಗೆ ಮತ್ತೆ ಸೇರಿಸದೆ, ಅದಕ್ಕೆ ಬೇರೆಯದೇ ಪುಟ್ಟ ಪಂಪ್ ಕೊಟ್ಟಿದ್ದೇನೆ.