ಎಚ್‌ಐವಿ ಆರೈಕೆ ಮನೆ ಬೇಡ ಅಂತ ಓಣಿಯವರು ತಕರಾರು ತೆಗೆದರೆ

ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಎಚ್‌ಐವಿ ಇರುವವರಿಗೆ ಆರೈಕೆ ಮನೆ ತೆರೆಯುವಾಗ ಬಾಡಿಗೆ ಕರಾರಿನಲ್ಲಿ ಉದ್ದೇಶವನ್ನು ಬರೆಸಿಯೇ ಬಿಡಿ. ಮುಚ್ಚಿಟ್ಟರೆ ಆಮೇಲೆ ಗುಮಾನಿ ಜಾಸ್ತಿಯಾಗುತ್ತದೆ.

ಮೊದಲೇ ದೊಡ್ಡ ಸಭೆ ಕರೆಯಬೇಡಿ, ಅಲ್ಲಿ ಗದ್ದಲ ಮಾಡುವವರದ್ದೇ ಮಾತು ನಡೆಯುತ್ತದೆ. ಆಶಾ ಕಾರ್ಯಕರ್ತೆ, ಓಣಿಯ ಹಿರಿಯರು, ಕಿರಾಣಿ ಅಂಗಡಿಯವರು, ಹೀಗೆ ಒಬ್ಬೊಬ್ಬರ ಮನೆಗೇ ಹೋಗಿ, ಸಾಧ್ಯವಾದರೆ ಎಆರ್‌ಟಿ ಕೇಂದ್ರದ (ಎಚ್‌ಐವಿಗೆ ಔಷಧಿ ಕೊಡುವ ಕೇಂದ್ರ) ಆಪ್ತಸಮಾಲೋಚಕರು ಜೊತೆಗಿದ್ದರೆ ಒಳ್ಳೆಯದು. ನಳದ ನೀರು, ಸೊಳ್ಳೆ, ಚರಂಡಿ ಅಂತ ಕೇಳಿಯೇ ಕೇಳುತ್ತಾರೆ. ಇವುಗಳಿಂದ ಎಚ್‌ಐವಿ ಹರಡುವುದಿಲ್ಲ, ಒಟ್ಟಿಗೆ ಉಂಡರೂ ಇಲ್ಲ. ಬಳಸಿದ ಸೂಜಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಮಾತ್ರ ಸಿಟ್ಟಾಗಬೇಡಿ, ಅದು ನ್ಯಾಯವಾದ ಪ್ರಶ್ನೆ. ವೈದ್ಯಕೀಯ ತ್ಯಾಜ್ಯ ಒಯ್ಯುವ ವ್ಯವಸ್ಥೆಯ ಕಾಗದ ತೋರಿಸಿ.

ಒಳಗೆ ಯಾರಿದ್ದಾರೆ ಅಂತ ಹೇಳಲೇಬೇಡಿ. ಊರ ಗೌಡರೇ ಕೇಳಲಿ, ಒಪ್ಪಿಗೆ ಇಲ್ಲದೆ ಹೇಳುವುದು ಕಾನೂನಿಗೆ ವಿರುದ್ಧ.

ಮಾತಿಗೆ ಬಗ್ಗದಿದ್ದರೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಅಂತ ಬಾಡಿಗೆ ಮನೆ ಕೊಡದಿರುವುದು, ಇದ್ದ ಮನೆ ಬಿಡಿಸುವುದು ಅದರಲ್ಲಿ ತಪ್ಪು. ಎಚ್‌ಐವಿ ಇರುವವರ ಮೇಲೆ ದ್ವೇಷ ಹಬ್ಬಿಸಿದರೆ 3 ತಿಂಗಳಿಂದ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಹಾಗಾಗಿ ವಾಟ್ಸಾಪ್ ಸಂದೇಶ, ಆಡಿಯೊ ಯಾವುದನ್ನೂ ಅಳಿಸಬೇಡಿ. ಕಾಯ್ದೆಯಡಿ ಒಂಬುಡ್ಸ್‌ಮನ್‌ಗೆ (ಇಂಥ ದೂರು ವಿಚಾರಿಸಲು ರಾಜ್ಯ ಸರ್ಕಾರ ನೇಮಿಸುವ ಅಧಿಕಾರಿ) ದೂರು ಕೊಡಬಹುದು, 30 ದಿನದೊಳಗೆ ಆದೇಶ ಆಗಬೇಕು. ಕಲ್ಲು ತೂರಾಟ, ಬೆದರಿಕೆ ಶುರುವಾದರೆ ಮಾತ್ರ ಅದನ್ನೆಲ್ಲ ಕಾಯಬೇಡಿ, ನೇರ 112ಕ್ಕೆ ಫೋನ್ ಮಾಡಿ. ಎಚ್‌ಐವಿ ಬಗ್ಗೆ ಸುಮ್ನೆ ಏನಾದರೂ ಕೇಳಬೇಕು ಅನ್ನುವ ನೆರೆಯವರಿಗೆ 1097 ಕೊಡಿ, ಕರೆ ಉಚಿತ.