ಪ್ಲಸ್ ವನ್ ಹ್ಯುಮಾನಿಟೀಸ್: ನಾಲ್ಕನೇ ವಿಷಯ ಆರಿಸುವ ಕ್ರಮ

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಹತ್ತನೆಯದು ಮುಗಿಸಿದ ಮಕ್ಕಳು ಪ್ಲಸ್ ವನ್ (ಹನ್ನೊಂದನೇ ತರಗತಿ) ಅರ್ಜಿ ಹಿಡಿದು ಬಂದಾಗ ನಾನು ಶಾಲೆಯ ಹೆಸರು ಕೇಳುವುದಕ್ಕೆ ಮೊದಲು ಕೇಳುವುದು ನಾಲ್ಕನೇ ವಿಷಯವನ್ನು. ಕೇರಳ ಹೈಯರ್ ಸೆಕೆಂಡರಿಯಲ್ಲಿ ಇಂಗ್ಲಿಷ್, ಎರಡನೇ ಭಾಷೆ, ಆಮೇಲೆ ನಾಲ್ಕು ಐಚ್ಛಿಕ ವಿಷಯ, ಹೀಗೆ ಒಟ್ಟು ಆರು. ಹ್ಯುಮಾನಿಟೀಸ್, ಅಂದರೆ ಕಲಾ ವಿಭಾಗ, ಕೊಡುವ ಹೆಚ್ಚಿನ ಶಾಲೆಗಳಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇದ್ದೇ ಇರುತ್ತವೆ. ಬದಲಾಗುವುದು ನಾಲ್ಕನೆಯದು: ಒಂದು ಕಡೆ ಭೂಗೋಳ, ಇನ್ನೊಂದು ಕಡೆ ಸಮಾಜಶಾಸ್ತ್ರ, ಮತ್ತೊಂದು ಕಡೆ ಮನಃಶಾಸ್ತ್ರ ಅಥವಾ ಭೂವಿಜ್ಞಾನ. ಸಮಾಜಶಾಸ್ತ್ರ, ಸೋಶಿಯಲ್ ವರ್ಕ್, ಮನಃಶಾಸ್ತ್ರ ಒಟ್ಟಿಗೆ ಬರುವ ಕಾಂಬಿನೇಶನ್ ಬೇರೆಯೇ ಇದೆ. ಕನ್ನಡವನ್ನೇ ಐಚ್ಛಿಕವಾಗಿ ಓದಬಹುದಾದ ಕಾಂಬಿನೇಶನ್ ಕೂಡ ಪಟ್ಟಿಯಲ್ಲಿದೆ, ಆದರೆ ಅದು ಎಲ್ಲ ಶಾಲೆಗಳಲ್ಲಿ ಸಿಗುವುದಿಲ್ಲ.

ಆರಿಸುವ ಮೊದಲು ಮಕ್ಕಳ ಕೈಗೆ ಎರಡು ವಸ್ತು ಕೊಡುತ್ತೇನೆ: ಆ ವಿಷಯದ ಪಠ್ಯದ ಒಂದು ಅಧ್ಯಾಯ, ಹಿಂದಿನ ವರ್ಷದ ಒಂದು ಪ್ರಶ್ನೆಪತ್ರಿಕೆ. ಅಧ್ಯಾಯ ಓದಿ ಮೂರು ಪ್ರಶ್ನೆಗೆ ಉತ್ತರ ಬರೆದು ತರಬೇಕು. ಒಂದು ಸಂಜೆಯ ಕೆಲಸ. ಎರಡು ವರ್ಷ ಏನು ಮಾಡಬೇಕಾಗುತ್ತದೆ ಎಂಬುದು ಆ ಸಂಜೆಯಲ್ಲೇ ಗೊತ್ತಾಗುತ್ತದೆ.

ಭೂಗೋಳಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ. ಲಿಖಿತ 60 ಅಂಕ ವರ್ಷಕ್ಕೊಂದರಂತೆ ಎರಡು ಸಲ, ನಿರಂತರ ಮೌಲ್ಯಮಾಪನ 20 ಎರಡು ಸಲ, ಎರಡನೇ ವರ್ಷದ ಕೊನೆಗೆ ಪ್ರಾಯೋಗಿಕ 40, ಒಟ್ಟು 200. ಸಮಾಜಶಾಸ್ತ್ರಕ್ಕೂ 200, ಆದರೆ ಅಲ್ಲಿ ಪ್ರತಿ ವರ್ಷ 80 ಲಿಖಿತ, 20 ನಿರಂತರ. ಚಿತ್ರ ಬಿಡಿಸುವ, ಅಳೆಯುವ ಕೈ ಇರುವ, ಉದ್ದ ಉತ್ತರಕ್ಕೆ ಬೇಸರಿಸುವ ಮಗುವಿಗೆ ಭೂಗೋಳವೇ ಸರಿ. ಭಾರತ ಸರ್ವೇಕ್ಷಣೆಯ 1:50,000 ನಕ್ಷೆಯಲ್ಲಿ 2 ಸೆ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ.; ಈ ಒಂದು ಲೆಕ್ಕ ಗಟ್ಟಿಯಾದರೆ ಅರ್ಧ ಭಯ ಹೋಗುತ್ತದೆ. ಪೊಸಡಿಗುಂಪೆ ಗುಡ್ಡ ಕಂಡ ಮಕ್ಕಳಿಗೆ, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳು ಒತ್ತಾದಲ್ಲಿ ಇಳಿಜಾರು ಕಡಿದು ಎಂದು ಹೇಳಿಕೊಡುವುದು ಕಷ್ಟವಲ್ಲ. ಅಂಕ ಕಳೆದುಕೊಳ್ಳುವುದು ಪ್ರಾಯೋಗಿಕ ಕೆಲಸವನ್ನು ಬರೆದಿಡುವ ರೆಕಾರ್ಡ್ ಪುಸ್ತಕದಲ್ಲಿ. ಡಿಸೆಂಬರ್‌ವರೆಗೆ ಮುಂದೂಡಿ ಒಂದೇ ವಾರದಲ್ಲಿ ನಕಲು ಮಾಡಿದರೆ, ಪರೀಕ್ಷಕರು ‘ಈ ಸ್ಕೇಲ್ ಹೇಗೆ ಬಂತು’ ಎಂದು ಕೇಳಿದಾಗ ಉತ್ತರವಿರುವುದಿಲ್ಲ.

ಸಮಾಜಶಾಸ್ತ್ರ ಸುಲಭ ಎಂಬ ಮಾತು ಎಲ್ಲೆಡೆ ಇದೆ. ನನಗೆ ಒಪ್ಪಿಗೆಯಿಲ್ಲ. ಕುಟುಂಬ, ಜಾತಿ, ಮಾರುಕಟ್ಟೆ ಎಲ್ಲರಿಗೂ ಗೊತ್ತಿರುವ ಪದಗಳಾದ್ದರಿಂದ ಮಕ್ಕಳು ಗೊತ್ತಿದ್ದುದನ್ನೇ ಎರಡು ಪುಟ ಬರೆಯುತ್ತಾರೆ. ಪಠ್ಯ ಕೊಟ್ಟ ವ್ಯಾಖ್ಯೆ, ಒಂದು ಉದಾಹರಣೆ, ಇನ್ನೊಂದು ಪರಿಕಲ್ಪನೆಯ ಜೊತೆ ವ್ಯತ್ಯಾಸ, ಈ ಮೂರು ಇಲ್ಲದ ಉತ್ತರಕ್ಕೆ ಅಂಕ ಬರುವುದಿಲ್ಲ.

ಗಣಿತ ಬೇಡವೆಂದು ಹ್ಯುಮಾನಿಟೀಸ್‌ಗೆ ಬರುವವರಿಗೆ ಒಂದು ಎಚ್ಚರಿಕೆ: ಅರ್ಥಶಾಸ್ತ್ರ ಬಿಡುವುದಿಲ್ಲ. ಮೊದಲ ವರ್ಷದಲ್ಲಿ ಸರಾಸರಿ, ಮಧ್ಯಾಂಕ, ಸಹಸಂಬಂಧ, ಸೂಚ್ಯಂಕ ಇವೆ. ಎರಡನೇ ವರ್ಷದಲ್ಲಿ ಗುಣಕದ (ಮಲ್ಟಿಪ್ಲೈಯರ್) ಲೆಕ್ಕ ಬರುತ್ತದೆ: ಹೆಚ್ಚುವರಿ ಆದಾಯದ ರೂಪಾಯಿಯಲ್ಲಿ 80 ಪೈಸೆ ಖರ್ಚಾದರೆ ಗುಣಕ 1 ÷ (1 − 0.8), ಅಂದರೆ 5. ಎಂಟನೇ ತರಗತಿಯ ದಶಮಾಂಶ ಗೊತ್ತಿದ್ದರೆ ಸಾಕು. ಹೆಚ್ಚು ತಪ್ಪುವುದು ರೇಖಾಚಿತ್ರದಲ್ಲಿ: ಬೆಲೆ ಲಂಬ ಅಕ್ಷಕ್ಕೆ, ಪ್ರಮಾಣ ಅಡ್ಡ ಅಕ್ಷಕ್ಕೆ ಹೋಗಬೇಕು. ತಿರುಗಿಸಿ ಬಿಡಿಸಿದರೆ ಮುಂದಿನ ವಿವರಣೆಯೆಲ್ಲ ಅಡಿಮೇಲು.

ಇನ್ನು ನಮ್ಮ ಗಡಿನಾಡಿನ ಮಕ್ಕಳಿಗೇ ಬರುವ ತೊಡಕು. ಹತ್ತರವರೆಗೆ ಕನ್ನಡದಲ್ಲಿ ಓದಿ, ಪ್ಲಸ್ ವನ್‌ನಲ್ಲಿ ಇಂಗ್ಲಿಷ್ ಪುಸ್ತಕ, ಹಲವು ಕಡೆ ಮಲಯಾಳಂ ಪಾಠ. ಮಲಯಾಳಂ ಅರ್ಥವಾಗುತ್ತದೆ ಎಂದು ಮಕ್ಕಳು ಧೈರ್ಯವಾಗಿರುತ್ತಾರೆ. ಅಪಾಯ ಇರುವುದು ಅಲ್ಲೇ. ಎರಡೂ ಭಾಷೆ ಸಂಸ್ಕೃತದಿಂದ ಅದೇ ಪದ ತೆಗೆದುಕೊಂಡು ಬೇರೆ ಅರ್ಥಕ್ಕೆ ಇಟ್ಟುಕೊಂಡಿವೆ. ಮಲಯಾಳಂನಲ್ಲಿ ‘ರಾಜ್ಯಂ’ ಎಂದರೆ ದೇಶ. ನಮ್ಮ ರಾಜ್ಯಕ್ಕೆ ಅವರು ಹೇಳುವುದು ‘ಸಂಸ್ಥಾನಂ’. ನಮಗೆ ಸಂಸ್ಥಾನ ಎಂದರೆ ಮೈಸೂರು ಸಂಸ್ಥಾನ. ಒಕ್ಕೂಟ ವ್ಯವಸ್ಥೆಯ ಪಾಠವನ್ನು ಈ ಎರಡು ಪದ ಅದಲುಬದಲು ಮಾಡಿಕೊಂಡು ಕೇಳಿದರೆ ಕೇಂದ್ರದ ಅಧಿಕಾರ ರಾಜ್ಯಕ್ಕೆ, ರಾಜ್ಯದ್ದು ಅರಸರಿಗೆ ಹೋಗುತ್ತದೆ. ‘ಸಂವಿಧಾನಂ’ ಅವರಿಗೆ ವ್ಯವಸ್ಥೆ, ನಮ್ಮ ಸಂವಿಧಾನಕ್ಕೆ ಅವರ ಮಾತು ‘ಭರಣಘಟನ’. ‘ಮತಂ’ ಅವರಲ್ಲಿ ಸಾಮಾನ್ಯವಾಗಿ ಧರ್ಮ. ನಮ್ಮಲ್ಲಿ ಮತ ಎಂದರೆ ವೋಟು ಕೂಡ. ಎಲ್ಲಕ್ಕಿಂತ ಹಾನಿ ಮಾಡುವುದು ‘ವ್ಯವಸಾಯಂ’: ಮಲಯಾಳಂನಲ್ಲಿ ಅದು ಕೈಗಾರಿಕೆ, ನಮ್ಮಲ್ಲಿ ಬೇಸಾಯ. 1991ರ ಹೊಸ ಕೈಗಾರಿಕಾ ನೀತಿಯ ಪಾಠ ಕೇಳಿ ಕೃಷಿಯ ಬಗ್ಗೆ ಉತ್ತರ ಬರೆದರೆ ಪೂರ್ತಿ ಅಂಕ ಹೋಗುತ್ತದೆ. ಬೇಡಿಕೆ ಅವರಿಗೆ ‘ಚೋದನಂ’, ಪೂರೈಕೆ ‘ಪ್ರದಾನಂ’. ನಮ್ಮ ಮಕ್ಕಳಿಗೆ ಪ್ರದಾನ ಎಂದರೆ ಪ್ರಶಸ್ತಿ ಕೊಡುವುದು.

ಅದಕ್ಕಾಗಿ ಏಪ್ರಿಲ್–ಮೇ ರಜೆಯಲ್ಲೇ 200 ಪುಟದ ಒಂದು ನೋಟ್ ಪುಸ್ತಕ ಶುರು ಮಾಡಿಸುತ್ತೇನೆ. ಪುಟಕ್ಕೆ ಮೂರು ಕಂಬಸಾಲು: ಇಂಗ್ಲಿಷ್, ಕನ್ನಡ, ಮಲಯಾಳಂ. ದಿನಕ್ಕೆ ಐದು ಪದ, ನಲವತ್ತು ದಿನಕ್ಕೆ 200. ಅರ್ಥ ಬೇರೆಯಾಗುವ ಪದಗಳಿಗೆ ಕೆಂಪು ಗೆರೆ. ಮಲಯಾಳಂ ಲಿಪಿ ಬಾರದವರು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಲಿ. ಕಿವಿಗೆ ಬಿದ್ದಾಗ ಗುರುತಿಸಿದರೆ ಸಾಕು. ಅರ್ಜಿ ಹಾಕುವ ಮೊದಲೇ ಶಾಲೆಗೆ ಹೋಗಿ ಮೂರು ಪ್ರಶ್ನೆ ಕೇಳಬೇಕು: ಈ ಕಾಂಬಿನೇಶನ್‌ನ ತರಗತಿ ಯಾವ ಭಾಷೆಯಲ್ಲಿ ನಡೆಯುತ್ತದೆ, ಕನ್ನಡ ಬಲ್ಲ ಅಧ್ಯಾಪಕರು ಯಾವ ವಿಷಯಕ್ಕಿದ್ದಾರೆ, ಎರಡನೇ ಭಾಷೆಯಾಗಿ ಕನ್ನಡ ಇದೆಯೇ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸೀಟು ಸಿಕ್ಕಿದ ಮೇಲೆ ಕನ್ನಡ ಇಲ್ಲವೆಂದು ತಿಳಿದು ಪ್ರಯೋಜನವಿಲ್ಲ.

ಪ್ಲಸ್ ವನ್ ಅರ್ಜಿಯಲ್ಲಿ ಆಪ್ಶನ್ ತುಂಬುವಾಗ ಒಂದು ಶಾಲೆ ಮತ್ತು ಒಂದು ಕಾಂಬಿನೇಶನ್ ಸೇರಿ ಒಂದು ಆಪ್ಶನ್ ಎಂಬುದನ್ನು ನೆನಪಿಡಿ. ಅದೇ ಶಾಲೆಯ ಎರಡು ಕಾಂಬಿನೇಶನ್ ಎರಡು ಆಪ್ಶನ್. ಕ್ರಮ ನಿಜವಾದ ಇಷ್ಟದ್ದಾಗಿರಬೇಕು. ಮೇಲಿನ ಆಪ್ಶನ್ ಸಿಕ್ಕಿದರೆ ಕೆಳಗಿನವೆಲ್ಲ ರದ್ದಾಗುತ್ತವೆ. ಮೊದಲ ಆಪ್ಶನ್ನೇ ಸಿಕ್ಕಿದರೆ ಫೀಸು ಕಟ್ಟಿ ಖಾಯಂ ಸೇರಬೇಕು. ಕೆಳಗಿನದು ಸಿಕ್ಕಿದರೆ ತಾತ್ಕಾಲಿಕವಾಗಿ ಸೇರಿ ಮೇಲಿನದಕ್ಕೆ ಕಾಯಬಹುದು. ಸೇರದೆ ಸುಮ್ಮನಿದ್ದರೆ ಸೀಟು ಹಂಚುವ ಮುಖ್ಯ ಅಲಾಟ್‌ಮೆಂಟಿನಿಂದಲೇ ಹೊರಗೆ. ರ‍್ಯಾಂಕ್ ಲೆಕ್ಕದಲ್ಲಿ ಎಲ್ಲ ವಿಷಯಗಳ ಗ್ರೇಡಿನ ಜೊತೆಗೆ ಆ ಕಾಂಬಿನೇಶನ್‌ಗೆ ಸಂಬಂಧಪಟ್ಟ ವಿಷಯಗಳಿಗೆ ಹೆಚ್ಚು ತೂಕವಿದೆ. ಹತ್ತನೆಯದು ಓದಿದ್ದ ಶಾಲೆ, ಸ್ವಂತ ಪಂಚಾಯತು, ತಾಲೂಕು ಇವಕ್ಕೆ ಬೋನಸ್ ಇದೆ. ಮಂಜೇಶ್ವರ ಈಗ ಪ್ರತ್ಯೇಕ ತಾಲೂಕು. ಹಳೆಯ ಕಾಗದ ನೋಡಿ ಕಾಸರಗೋಡು ಎಂದು ತುಂಬಿದ ಅರ್ಜಿಗಳನ್ನು ನಿಜವಾದ ಹಂಚಿಕೆಗೆ ಮುಂಚಿನ ಟ್ರಯಲ್ ಅಲಾಟ್‌ಮೆಂಟಿನ ಹೊತ್ತಿಗೆ ತಿದ್ದಿಸಿದ್ದೇನೆ. ಆಮೇಲೆ ತಿದ್ದುವ ಅವಕಾಶ ಕಡಿಮೆ. ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ತುಂಬಿಸಿದರೂ ಪ್ರಿಂಟ್ ತೆಗೆದು ಶಾಲಾ ಕೋಡ್ ಮತ್ತು ಕಾಂಬಿನೇಶನ್ ಕೋಡ್ ಎರಡನ್ನೂ ಬೆರಳಿಟ್ಟು ಓದಬೇಕು.

ಮಂಗಳೂರು ಕಡೆ ಪಿಯುಸಿಗೆ ಹೋಗುವವರೂ ಇದ್ದಾರೆ. ಅಲ್ಲಿ ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಒಟ್ಟಿಗೆ ಇರುವ ಎಚ್‌ಇಪಿಎಸ್ ಸಾಮಾನ್ಯ, ಕನ್ನಡದಲ್ಲೇ ಬರೆಯಬಹುದು. ಭಾಷೆಯ ದೃಷ್ಟಿಯಿಂದ ನೆಮ್ಮದಿ. ಆದರೆ ಹೊರರಾಜ್ಯದ ಎಸ್ಸೆಸ್ಸೆಲ್ಸಿಯವರಾದ್ದರಿಂದ ಅರ್ಹತಾ ಪತ್ರ ಬೇಕಾಗುತ್ತದೆ, ಟಿ.ಸಿ. ಜೊತೆಗೇ ಅದರ ವಿಚಾರಣೆ ಶುರು ಮಾಡಿ.

ಮುಂದೆ ಕನ್ನಡ ಮಾಧ್ಯಮದ ಸಮಾಜ ವಿಜ್ಞಾನ ಅಧ್ಯಾಪಕರಾಗುವ ಆಸೆಯುಳ್ಳವರು ನಾಲ್ಕನೇ ವಿಷಯವನ್ನು ಇನ್ನೂ ಜಾಗ್ರತೆಯಿಂದ ಆರಿಸಬೇಕು. ಕೇರಳ ಪಿಎಸ್‌ಸಿ ಆ ಹುದ್ದೆಗೆ ಪ್ರತ್ಯೇಕ ಅಧಿಸೂಚನೆ ಹೊರಡಿಸುತ್ತದೆ; ಪದವಿ, ಬಿ.ಎಡ್., ಹೈಸ್ಕೂಲಿಗೆ ಕೆ-ಟೆಟ್ (ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ) ಮೂರನೇ ವರ್ಗ ಬೇಕು. ಹಳೆಯ ಅಧಿಸೂಚನೆಯೊಂದನ್ನು ತೆಗೆದು, ಒಪ್ಪುವ ಪದವಿ ವಿಷಯಗಳ ಪಟ್ಟಿಯನ್ನು ಮಗುವಿನ ಎದುರೇ ಓದುತ್ತೇನೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಪದವಿಗೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಅದರಲ್ಲಿದೆ. ಅರ್ಜಿಯಲ್ಲಿ ಮಾಧ್ಯಮದ ಕಾಲಂ ಬಂದಾಗ ಅಭ್ಯಾಸಬಲದಿಂದ ಇಂಗ್ಲಿಷ್ ಒತ್ತದೆ, ಕೆಂಪು ಗೆರೆಯ ಆ ನೋಟ್ ಪುಸ್ತಕ ತೆಗೆದು ಯಾವ ಭಾಷೆಯ ಪದಗಳು ಬೇಗ ಹೊಳೆಯುತ್ತವೆ ಎಂದು ನೋಡಿ ಆರಿಸಬೇಕು.